ಬಾಗಿಲಿಗಂಟಿದ ಕೋರ್ಟು

ಹೆದರುವುದರಲ್ಲಿ ನಮ್ಮ ಚಿಮ್ಮಡಕ್ಕೆಲ್ಲ ಮುದಕಪ್ಪನೇ ಮೊದಲಿಗ. ಹಾವಿಗೆ ಚೇಳಿಗೆ ಎಲ್ಲರೂ ಹೆದರುತ್ತಾರೆ, ಅದೇನು ದೊಡ್ಡ ಮಾತಲ್ಲ. ಮುದಕಪ್ಪ ಸರಕಾರದ ಗುಂಡನೆಯ ಮೊಹರಿಗೆ ಹೆದರುತ್ತಿದ್ದ. ಅಂಚೆಯವನು ಕಾರ್ಡು ಹಿಡಿದು ಓಣಿಗೆ ಬಂದರೆ ಇವನು ಹಿತ್ತಲಿಗೆ ಹೋಗುತ್ತಿದ್ದ. ಬಸ್ಸಿನಲ್ಲಿ ಚೆಕಿಂಗಿನವರು ಹತ್ತಿದರೆ ಕಿಸೆಯಲ್ಲಿ ಟಿಕೆಟ್ ಇದ್ದರೂ ಬೆವರುತ್ತಿದ್ದ. ಬೆವರಿದ್ದನ್ನು ಕಂಡು ಅವರು ಇವನನ್ನೇ ಮೊದಲು ಹಿಡಿಯುತ್ತಿದ್ದರು. ಇಂಥವನು ಸುಮ್ಮನೆ ಇರಬೇಕಾಗಿತ್ತು. ಇರದೆ, ಮಾಲಕನಾಗಲು ಹೊರಟ.

ಬನಹಟ್ಟಿಯಲ್ಲಿ ಇನ್ನೊಬ್ಬರ ಪಾವರ್‌ಲೂಮಿನ ಮುಂದೆ ನಿಂತು ಸೀರೆ ನೇಯ್ದು ನೇಯ್ದು ಅವನಿಗೆ ಸಾಕಾಗಿತ್ತು. ಒಂದು ದಿನ ಯಾರೋ ಮಾರಲು ಇಟ್ಟಿದ್ದ ಎರಡು ಹಳೆಯ ಲೂಮುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಇಡುವುದೆಲ್ಲಿ? ಮನೆಯ ಹಿಂದೆ ದನದ ಕೊಟ್ಟಿಗೆ ಇತ್ತು. ಎತ್ತು ಮಾರಿದ ಮೇಲೆ ಅಲ್ಲಿ ಒಂದೇ ಒಂದು ಎಮ್ಮೆ ಉಳಿದಿತ್ತು. ಆದರೆ ಅದು ಎಂಬತ್ತರ ದಶಕ. ಕೊಟ್ಟಿಗೆಯನ್ನು ಕಾರಖಾನೆ ಮಾಡಬೇಕಾದರೆ ಪರವಾನಗಿ ಬೇಕು ಎಂಬ ಕಾಯಿದೆ ಚಿಮ್ಮಡದವರೆಗೂ ಬಂದು ಮುಟ್ಟಿತ್ತು. ಮುದಕಪ್ಪ ಅರ್ಜಿ ಕೊಟ್ಟ. ಟೇಪು ಹಿಡಿದವರು ಬಂದರು, ಅಳೆದರು, ಚಹಾ ಕುಡಿದರು, ಹೋದರು. ಕಡೆಗೊಂದು ದಿನ ಪರವಾನಗಿ ಬಂತು. ಮೊಹರು ಕಂಡು ಅವನು ಮೊದಲು ಹಿಂದೆ ಸರಿದರೂ, ಇದು ತನ್ನ ಪರವಾದ ಮೊಹರು ಎಂದು ಹೆಂಡತಿ ತಾರವ್ವ ತಿಳಿಸಿ ಹೇಳಿದ ಮೇಲೆ ಅದಕ್ಕೆ ಗಾಜು ಹಾಕಿಸಿ ಮಲ್ಲಯ್ಯನ ಪಟದ ಪಕ್ಕ ತೂಗುಹಾಕಿದ. ದಿನಾ ಎರಡಕ್ಕೂ ಊದಿನಕಡ್ಡಿ.

ಪರವಾನಗಿಯ ಕೆಳಗೆ ಒಂದು ಷರತ್ತು ಇತ್ತು. ಮಗ್ಗ ಹೂಡುವ ಮೊದಲು ಜಾನುವಾರುಗಳನ್ನು ಅಲ್ಲಿಂದ ಬೇರೆ ಕಡೆ ಸಾಗಿಸಬೇಕು. ಇದನ್ನು ಓದಿ ಹೇಳಿದಾಗ ತಾರವ್ವ ಒಪ್ಪಲಿಲ್ಲ. ಎಮ್ಮೆ ಅವಳ ತವರಿನದು, ಗಬ್ಬಾಗಿ ದಿನ ತುಂಬಿತ್ತು. ಈಯುವ ದಿನ ಹತ್ತಿರ ಬಂದಾಗ ಎಮ್ಮೆ ಮೇವು ತಿನ್ನುವ ಗ್ವಾದಲಿ ಬದಲಿಸಿದರೆ ಅದು ಬೆದರಿ ಕರುವನ್ನು ಸೇರಿಸುವುದಿಲ್ಲ ಎಂದು ಅವಳ ತಾಯಿ ಹೇಳಿದ್ದಳಂತೆ. ಸರಕಾರ ದೊಡ್ಡದೋ ಅತ್ತೆ ದೊಡ್ಡವಳೋ ಎಂದು ಮುದಕಪ್ಪ ಯೋಚಿಸಿದ. ಸರಕಾರ ಜಮಖಂಡಿಯಲ್ಲಿತ್ತು, ಅತ್ತೆ ಬೀಳಗಿಯಿಂದ ಯಾವ ಬಸ್ಸಿಗಾದರೂ ಬರಬಹುದಾಗಿತ್ತು. ಹೀಗಾಗಿ ಕೊಟ್ಟಿಗೆಯ ಒಂದು ಬದಿಗೆ ಎರಡು ಲೂಮು, ಇನ್ನೊಂದು ಬದಿಗೆ ಎಮ್ಮೆ. ಅಂದಿನಿಂದ ಓಣಿಯಲ್ಲಿ ಯಾರಾದರೂ ಪ್ಯಾಂಟು ಹಾಕಿಕೊಂಡು ಕಾಣಿಸಿದರೆ ಮುದಕಪ್ಪ ಓಡಿಹೋಗಿ ಕೊಟ್ಟಿಗೆಯ ಬಾಗಿಲು ಮುಚ್ಚುತ್ತಿದ್ದ.

ಕೊಟ್ಟಿಗೆಗೂ ಪಕ್ಕದ ಬಸಗೊಂಡಪ್ಪನ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರ ಅಜ್ಜಂದಿರು ಕೂಡಿ ಕಟ್ಟಿದ ಮಣ್ಣಿನ ಗೋಡೆ. ಬಸಗೊಂಡಪ್ಪ ಹೊಲಮನೆ ಇದ್ದವನು, ಮೈಯಲ್ಲಿ ದೊಡ್ಡ ಆಳು, ದನಕರುಗಳ ವಿಷಯದಲ್ಲಿ ಸುತ್ತಲಿನ ಊರಿಗೆಲ್ಲ ಬೇಕಾದವನು. ಮುದಕಪ್ಪ ಕರೆಂಟು ಬಂದ ದಿನ ಲೂಮುಗಳನ್ನು ಒಂದು ಗಳಿಗೆ ತಿರುಗಿಸಿ ನೋಡಿದಾಗ, ಆಚೆ ಬಸಗೊಂಡಪ್ಪನ ಗೋಡೆಯ ಮಾಡದಲ್ಲಿದ್ದ ತಂಬಿಗೆ ಗಡಗಡ ಎಂದು ಕುಣಿಯಿತು. ಬಸಗೊಂಡಪ್ಪನ ಎದೆಯೂ ಅದರ ಜೊತೆಗೇ ಕುಣಿಯಿತು. ಗೋಡೆ ಬೀಳುತ್ತದೆ, ಆಕಳು ಬೆದರಿ ಹಾಲು ಬಿಡದೆ ಏರಿಸಿಕೊಳ್ಳುತ್ತವೆ, ತಾನು ಮಲಗಿದಲ್ಲೇ ಮಣ್ಣಾಗುತ್ತೇನೆ ಎಂದುಕೊಂಡ. ಹೋಗಿ ಮುದಕಪ್ಪನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರೆದುರು ಜಗಳವೆಂದರೆ ಆ ದೊಡ್ಡ ಆಳಿಗೆ ಭಯ. ಅದಕ್ಕೆ ನೆಟ್ಟಗೆ ಜಮಖಂಡಿಗೆ ಹೋಗಿ ಬಾಳಾಸಾಹೇಬ ವಕೀಲರ ಕಡೆಯಿಂದ ದಾವೆ ಹಾಕಿಸಿದ: ಕೊಟ್ಟಿಗೆಯನ್ನು ಕಾರಖಾನೆ ಮಾಡಲು ಕೊಟ್ಟ ಪರವಾನಗಿ ತಪ್ಪು, ಅದನ್ನು ರದ್ದು ಮಾಡಬೇಕು. ಜಗಳಕ್ಕೆ ಹೆದರಿ ಕೋರ್ಟಿಗೆ ಹೋದವರಲ್ಲಿ ಅವನೇ ಮೊದಲಿನವನಾಗಿರಲಿಕ್ಕಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಶನಿವಾರ ಮಧ್ಯಾಹ್ನ ಕೋರ್ಟಿನ ಕಾಗದ ಮುಟ್ಟಿಸುವ ಬೇಲೀಫ ಗೂಳಪ್ಪ ಬಿಸಿಲಲ್ಲಿ ಸೈಕಲ್ ತುಳಿಯುತ್ತ ಊರಿಗೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಮುದಕಪ್ಪನ ಮನೆ ಕೇಳಿದ. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು. ಕೋರ್ಟಿನವರು ಎಂಬ ಒಂದೇ ಶಬ್ದ ಮುದಕಪ್ಪನಿಗೆ ಸಾಕಾಯಿತು. ಓಡಿಹೋಗಿ ಕೊಟ್ಟಿಗೆಯ ಬಾಗಿಲು ಮುಚ್ಚಿದ. ಎಂದಿನಂತೆ ಹೊರಗೆ ನಿಂತು ಮುಚ್ಚಲಿಲ್ಲ. ಗಾಬರಿಯಲ್ಲಿ ಒಳಗೆ ಹೋಗಿ ಮುಚ್ಚಿಕೊಂಡ. ಎಮ್ಮೆಯ ಹಿಂದೆ ಕುಳಿತು, ಅದು ಒದರದಿರಲೆಂದು ಅದರ ಬಾಯಿಗೆ ಹಿಂಡಿ ಹಿಡಿದ.

ಗೂಳಪ್ಪ ಬಂದು ಯಜಮಾನರು ಎಲ್ಲಿ ಎಂದು ಕೇಳಿದ. ತಾರವ್ವ ಮುಧೋಳಕ್ಕೆ ಹೋಗಿದ್ದಾರೆಂದಳು. ಯಾವಾಗ ಬರುತ್ತಾರೆ ಎಂದರೆ ಗೊತ್ತಿಲ್ಲವೆಂದಳು. ಹಾಗಾದರೆ ಕಾಗದವನ್ನು ಬಾಗಿಲಿಗೆ ಅಂಟಿಸುವುದೇ ಕಾಯಿದೆ ಎಂದ ಗೂಳಪ್ಪ. ತಂಟೆ ಇರುವುದು ಕೊಟ್ಟಿಗೆಯದು, ಆದ್ದರಿಂದ ಕೊಟ್ಟಿಗೆಯ ಬಾಗಿಲಿಗೇ. ಅಂಟು ತಂದಿರಲಿಲ್ಲ, ಸ್ವಲ್ಪ ಅಂಟು ಇದ್ದರೆ ಕೊಡವ್ವಾ ಎಂದು ಕೇಳಿದ. ಮನೆಗೆ ಬಂದವರಿಗೆ ಇಲ್ಲ ಎನ್ನುವ ಜಾತಿಯವಳಲ್ಲ ತಾರವ್ವ. ಮೊದಲು ಚಹಾ ಕೊಟ್ಟಳು, ಆಮೇಲೆ ಮನೆಯಲ್ಲಿದ್ದುದನ್ನೇ ಕೊಟ್ಟಳು: ಹಾಸಿನ ನೂಲಿಗೆ ಹಚ್ಚಲು ಹುಣಸೆಬೀಜದ ಹಿಟ್ಟು ಹಾಕಿ ಕುದಿಸಿದ ಗಂಜಿ.

ನೇಕಾರರ ಗಂಜಿ ಎಂದರೆ ಏನೆಂದು ಜಮಖಂಡಿಯ ಬೇಲೀಫನಿಗೆ ತಿಳಿದಿರಲಿಲ್ಲ. ಎಲ್ಲರಿಗೂ ಕಾಣಲಿ ಎಂದು ಬಾಗಿಲಿನ ಎರಡು ಪಡಿಯ ನಟ್ಟನಡುವೆ, ಸಂದಿಯ ಮೇಲೆಯೇ, ಕಾಗದದ ಅಂಚಿನಿಂದ ಅಂಚಿಗೆ ಧಾರಾಳವಾಗಿ ಹಚ್ಚಿ ಅಂಟಿಸಿದ. ಏಪ್ರಿಲ್ ತಿಂಗಳ ಬಿಸಿಲು. ಅವನ ಸೈಕಲ್ಲು ಓಣಿ ದಾಟುವುದರೊಳಗೆ ಕಾಗದ ಒಣಗಿ ಹಪ್ಪಳವಾಗಿ ಎರಡು ಪಡಿಗಳನ್ನೂ ಕಚ್ಚಿ ಹಿಡಿದಿತ್ತು.

ಇನ್ನು ಹೊರಗೆ ಬರ್ರಿ ಎಂದು ತಾರವ್ವ ಕರೆಯುವಷ್ಟರಲ್ಲಿ ಶಿದ್ರಾಮಪ್ಪ ಬಂದುಬಿಟ್ಟ. ಶಿದ್ರಾಮಪ್ಪ ಹಿಂದೆ ಯಾವುದೋ ಹೊಲದ ಬಾಂದಿನ ವ್ಯಾಜ್ಯದಲ್ಲಿ ಒಂದು ಸಲ ಸಾಕ್ಷಿ ನುಡಿದು ಬಂದವನು. ಅಂದಿನಿಂದ ಊರಿಗೆ ಅವನೇ ಕಾಯಿದೆ. ಕನ್ನಡಕ ಹಾಕಿಕೊಂಡು ಬಾಗಿಲ ಮುಂದೆ ನಿಂತು ಕಾಗದವನ್ನು ದೊಡ್ಡ ದನಿಯಲ್ಲಿ ಓದಿದ. ಮುಂದಿನ ಆದೇಶದವರೆಗೆ ಸದರಿ ಕಟ್ಟಡ ಈಗಿದ್ದ ಸ್ಥಿತಿಯಲ್ಲಿಯೇ ಇರತಕ್ಕದ್ದು. ಕೋರ್ಟೆಂದರೆ ಏನೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಲಿಲ್ಲವೆಂದೇ ಎಲ್ಲರಿಗೂ ಅದರ ಬಗ್ಗೆ ಹೇಳಲು ಬಹಳ ಇತ್ತು.

"ಬಾಗಲಾ ಮುಚ್ಚಿದಾಗ ಅಂಟಿಸ್ಯಾರ. ಅಂದಮ್ಯಾಲೆ ಮುಚ್ಚೇ ಇರಬೇಕು," ಎಂದ ಶಿದ್ರಾಮಪ್ಪ. "ತಗದ್ರ ಕಾಗದಾ ಹರೀತೈತಿ. ಮೊಹರ ಇದ್ದ ಕಾಗದಾ ಹರದ್ರ ಹಿಂಡಲಗಿ ಜೇಲ."

ಬಾಗಿಲ ಒಳಗಿನಿಂದ ಸಣ್ಣಗೆ ಒಂದು ನರಳಾಟ ಕೇಳಿಸಿತು. ಎಮ್ಮೆ ಇರಬೇಕೆಂದು ಶಿದ್ರಾಮಪ್ಪ ತಿಳಿದ. ಅದು ಮುದಕಪ್ಪ.

ತಾರವ್ವ ತಂಬಿಗೆ ನೀರು ತಂದು ಕಾಗದ ನೆನೆಸಿ ಬಿಡಿಸುತ್ತೇನೆಂದಳು. ಮೊಹರಿನ ಮಸಿ ಕರಗಿದರೆ ಅದು ಖೊಟ್ಟಿ ಕಾಗದವಾಗುತ್ತದೆ, ಅದಕ್ಕೆ ಶಿಕ್ಷೆ ಇನ್ನೂ ಹೆಚ್ಚು ಎಂದು ಶಿದ್ರಾಮಪ್ಪ ತಂಬಿಗೆ ಕಸಿದುಕೊಂಡ. ಜನ ಚದುರಿದ ಮೇಲೆ ಅವಳು ಸಂದಿಗೆ ಬಾಯಿ ಹಚ್ಚಿ, ಆ ಮುದುಕನ ಮಾತು ಕಟ್ಟಿಕೊಂಡು ಏನು ಮಾಡುತ್ತೀರಿ, ಪಡಿ ಎಳೆದು ಹೊರಗೆ ಬನ್ನಿ ಎಂದಳು. ಒಳಗಿನಿಂದ ಬಂದ ಉತ್ತರ ಇಷ್ಟೇ:

"ನಾ ಮುಧೋಳಕ್ಕ ಹೋಗೇನಲಾ. ಹೆಂಗ ಬರ್ಲಿ?"

ಮಾತು ಹುಚ್ಚು ಮಾತಾದರೂ ಅದರಲ್ಲಿ ಒಂದು ಲೆಕ್ಕ ಇತ್ತು. ಯಜಮಾನ ಊರಲ್ಲಿ ಇಲ್ಲ ಎಂದು ಬೇಲೀಫ ಬರೆದುಕೊಂಡು ಹೋಗಿದ್ದ. ಈಗ ಇವನು ಕೊಟ್ಟಿಗೆಯಿಂದ ಹೊರಬಿದ್ದರೆ ತಾರವ್ವ ಕೋರ್ಟಿಗೆ ಸುಳ್ಳು ಹೇಳಿದಂತೆ. ಬಾಗಿಲು ತೆರೆದರೆ ಷರತ್ತು ಮೀರಿ ಕಟ್ಟಿದ ಎಮ್ಮೆಯೂ ಬಯಲಿಗೆ ಬಿದ್ದಂತೆ. ಕಾಗದ ಹರಿದರೆ ತನಗೆ ಜೈಲು, ಸುಳ್ಳಿಗೆ ಹೆಂಡತಿಗೆ ಜೈಲು, ಎಮ್ಮೆ ಕಂಡರೆ ಪರವಾನಗಿ ರದ್ದು. ಮುದಕಪ್ಪ ಮೂರನ್ನೂ ಕೂಡಿಸಿ ನೋಡಿದ, ಒಳಗೇ ಕುಳಿತ. ಸೋಮವಾರ ಕೋರ್ಟು ತೆರೆಯಲಿ, ವಕೀಲರನ್ನು ಕೇಳಿ ಆಮೇಲೆ ಬಾಗಿಲ ಮಾತು ಎಂದು ನಿಶ್ಚಯವಾಯಿತು.

ತಾರವ್ವ ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ರೊಟ್ಟಿ ಪಲ್ಯ ಇಳಿಸಿದಳು. ಬೆಳಕಿಂಡಿ ಬುಟ್ಟಿ ಇಳಿಯುವಷ್ಟೇ ಇತ್ತು, ಮನುಷ್ಯ ಹತ್ತುವಷ್ಟು ಇರಲಿಲ್ಲ. ಎಮ್ಮೆಗೆ ಜೋಳದ ಕಣಿಕೆಯನ್ನು ಒಂದೊಂದಾಗಿ ಇಳಿಬಿಟ್ಟಳು. ಓಣಿಯ ಹೆಂಗಸರು ಕೇಳಿದರೆ ಎಮ್ಮೆಗೆ ಎನ್ನುತ್ತಿದ್ದಳು. ಎಮ್ಮೆ ಬದನೆಕಾಯಿ ಪಲ್ಯ ತಿನ್ನುತ್ತದೆಂದು ಕೇಳಿ ಅವರಿಗೆ ಆಶ್ಚರ್ಯವಾಯಿತು. ಒಬ್ಬಳು ಅದಕ್ಕೆ ಉಪ್ಪಿನಕಾಯಿಯನ್ನೂ ಕೊಟ್ಟಳು.

ಗೋಡೆಯ ಆಚೆಗೆ ಬಸಗೊಂಡಪ್ಪನಿಗೆ ಅನ್ನ ಸೇರಲಿಲ್ಲ. ಗೋಡೆಯೊಳಗಿನಿಂದ ಮನುಷ್ಯ ಅಳುವ ದನಿ ಬರುತ್ತಿತ್ತು. ಮುದಕಪ್ಪ ಮುಧೋಳಕ್ಕೆ ಹೋದವನು ಬಂದಿಲ್ಲ. ದಾವೆಗೆ ಹೆದರಿ ಅವನು ಹಾದಿಯಲ್ಲಿ ಎಲ್ಲಾದರೂ ಜೀವಕ್ಕೆ ಏನಾದರೂ ಮಾಡಿಕೊಂಡನೋ, ಅವನ ಪ್ರಾಣ ಬಂದು ತನ್ನ ಗೋಡೆ ಸೇರಿಕೊಂಡಿತೋ ಎಂದು ಹಾಡುಹಗಲಲ್ಲೇ ಅವನಿಗೆ ಮೈ ಬೆವರಿತು. ಗೋಡೆಗೊಂದು ನಿಂಬೆಹಣ್ಣು ಕಟ್ಟಿಸಿದ. ಅಳು ನಿಲ್ಲಲಿಲ್ಲ.

ರವಿವಾರ ಸಂಜೆ ಎಮ್ಮೆಗೆ ಬೇನೆ ಬಂತು.

ಮೊದಲು ತಾರವ್ವ ಬೆಳಕಿಂಡಿಯಿಂದಲೇ ಹೀಗೆ ಮಾಡಿ, ಹಾಗೆ ಹಿಡಿಯಿರಿ ಎಂದು ಹೇಳಿಕೊಟ್ಟಳು. ಮುದಕಪ್ಪ ನೂಲು ಹರಿದರೆ ಕಣ್ಣು ಮುಚ್ಚಿ ಗಂಟು ಹಾಕಬಲ್ಲ. ಎಮ್ಮೆಯ ಕೆಲಸ ಅವನಿಗೆ ತಿಳಿಯದು. ಹೊತ್ತು ಹೋಯಿತು. ಎಮ್ಮೆ ನೆಲಕ್ಕೆ ಬಿತ್ತು, ಕಾಲು ಚಾಚಿತು, ಅದರ ಕಣ್ಣು ಮೇಲಾಯಿತು. ಆಗ ತಾರವ್ವ ಮಾಳಿಗೆಯ ಮೇಲೆಯೇ ಕುಳಿತು ಅತ್ತಳು. ತವರಿನಿಂದ ಕರುವಾಗಿ ಅವಳ ಹಿಂದೆ ನಡೆದುಬಂದ ಎಮ್ಮೆ ಅದು. ಕೆಳಗೆ ನೆರೆದ ಜನ ಬಾಗಿಲು ನೋಡಿದರು, ಕಾಗದ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಕೈ ಹಚ್ಚುವವರು ಯಾರೂ ಇಲ್ಲ. ಶಿದ್ರಾಮಪ್ಪ ಕನ್ನಡಕ ತೆಗೆದು ಒರೆಸತೊಡಗಿದ, ಬಹಳ ಹೊತ್ತು ಒರೆಸಿದ.

ತಾರವ್ವ ಕಣ್ಣು ಒರೆಸಿಕೊಂಡು ಮಾಳಿಗೆಯಿಂದ ಮಾಳಿಗೆಗೆ ದಾಟಿ ಬಸಗೊಂಡಪ್ಪನ ಅಂಗಳಕ್ಕೆ ಇಳಿದಳು.

"ಕಾಕಾರ, ಕರಾ ಅಡ್ಡ ಬಂದೈತ್ರಿ. ನಮ್ಮನಿಯವ್ರೂ ಒಳಗ ಅದಾರ. ದಾವೆ ನಾಳೆ ಮಾಡೂಣು, ಇವತ್ತ ಬರ್ರಿ."

ಗೋಡೆಯಲ್ಲಿ ಅಳುತ್ತಿದ್ದುದು ಸತ್ತ ಮುದಕಪ್ಪನಲ್ಲ, ಬದುಕಿದ ಮುದಕಪ್ಪ ಎಂದು ತಿಳಿದದ್ದೇ ಬಸಗೊಂಡಪ್ಪ ದೊಡ್ಡ ಉಸಿರು ಬಿಟ್ಟ. ಧೋತರ ಮೇಲಕ್ಕೆ ಕಟ್ಟಿ ಓಡಿಬಂದು ಕೊಟ್ಟಿಗೆಯ ಮುಂದೆ ನಿಂತ. ಬಾಗಿಲಿಗೆ ಕೈ ಚಾಚಿದ. ಮೊಹರು ಕಂಡಿತು. ಕೈ ಅಲ್ಲೇ ನಿಂತಿತು. ಕಾಗದ ತರಿಸಿದವನೇ ಕಾಗದ ಹರಿದರೆ ಅವನಿಗೆ ಎರಡು ಪಟ್ಟು ಶಿಕ್ಷೆ ಎಂದು ಶಿದ್ರಾಮಪ್ಪ ಹಿಂದಿನಿಂದ ಹೇಳಿದ. ಒಳಗೆ ಎಮ್ಮೆ ಒಂದು ಸಲ ಒದರಿತು. ದನ ಬಲ್ಲವರಿಗೆ ಆ ಒದರು ಏನೆಂದು ಗೊತ್ತು. ಬಸಗೊಂಡಪ್ಪ ಮಾತನಾಡದೆ ತನ್ನ ಮನೆಗೆ ತಿರುಗಿ ಹೋದ. ಹೆದರಿ ಓಡಿದ ಎಂದು ಜನ ತಿಳಿದರು.

ಸ್ವಲ್ಪ ಹೊತ್ತಿನಲ್ಲಿ ಧಡಲ್ ಧಡಲ್ ಎಂದು ಸಪ್ಪಳ ಶುರುವಾಯಿತು. ಯಾವ ಗೋಡೆ ಬೀಳುತ್ತದೆಂದು ಜಮಖಂಡಿಯವರೆಗೆ ಹೋಗಿ ಅತ್ತಿದ್ದನೋ ಆ ಗೋಡೆಯನ್ನು ಬಸಗೊಂಡಪ್ಪ ಹಾರೆ ಹಿಡಿದು ತಾನೇ ಒಡೆಯುತ್ತಿದ್ದ. ಅಜ್ಜಂದಿರ ಗೋಡೆ ಗಟ್ಟಿಮುಟ್ಟಾಗಿತ್ತು, ಸುಲಭಕ್ಕೆ ಬಗ್ಗಲಿಲ್ಲ. ನಿಂಬೆಹಣ್ಣು ಮೊದಲು ಬಿತ್ತು, ಆಮೇಲೆ ಮಣ್ಣು, ಕಡೆಗೆ ಒಂದು ದೊಡ್ಡ ಕಂಡಿ. ಅದರಲ್ಲಿ ಬಸಗೊಂಡಪ್ಪ ಮೈಯೆಲ್ಲ ಧೂಳಾಗಿ ಒಳಗೆ ಬಂದ. ಮುದಕಪ್ಪ ಎರಡೂ ಕೈ ಮುಗಿದು, ಕಾಕಾ ನನ್ನನ್ನು ಹಿಡಿದುಕೊಡಬೇಡ ಎಂದ. "ಬಾಲಾ ಹಿಡಿ ಮೊದಲ," ಎಂದ ಬಸಗೊಂಡಪ್ಪ.

ದೀಪ ಹಚ್ಚುವ ಹೊತ್ತಿಗೆ ಕರು ನೆಲಕ್ಕೆ ಬಿತ್ತು. ಹೆಣ್ಣು ಕರು. ಎಮ್ಮೆ ಅದನ್ನು ನೆಕ್ಕತೊಡಗಿದ ಮೇಲೆ ಪ್ರತಿವಾದಿ ಮುದಕಪ್ಪ ವಾದಿ ಬಸಗೊಂಡಪ್ಪನ ಮನೆಯಲ್ಲಿ ಹಾದು, ಅವನದೇ ಮುಂಬಾಗಿಲಿನಿಂದ ಓಣಿಗೆ ಬಂದ. ಮುಧೋಳದಿಂದ ಈಗ ಬಂದೆಯಾ ಎಂದು ಒಬ್ಬನೂ ಕೇಳಲಿಲ್ಲ. ಕೇಳದಿದ್ದುದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

ಅಷ್ಟಕ್ಕೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಬಸಗೊಂಡಪ್ಪ ಜಮಖಂಡಿಗೆ ಹೋಗಿ, ವಕೀಲರೇ, ಗೋಡೆಗೆ ಕಂಡಿ ಬಿದ್ದಿದೆ ಎಂದು ಶುರುಮಾಡಿದ್ದೇ ತಪ್ಪಾಯಿತು. ಬಾಳಾಸಾಹೇಬ ವಕೀಲರು ಕುರ್ಚಿಯಿಂದ ಎದ್ದು ನಿಂತರು. ಗೋಡೆ ಬಿತ್ತೇ? ಹಾಗಾದರೆ ದಾವೆ ಗೆದ್ದಂತೆಯೇ ಎಂದರು. ಲೂಮು ತಿರುಗಿಸಿದ ಧಡಕಿಗೆ ಗೋಡೆ ಬಿತ್ತೆಂದು ಅಲ್ಲೇ ಬರೆಸಿದರು, ಹೆಬ್ಬೆಟ್ಟು ಒತ್ತಿಸಿದರು. ಹಾಗಲ್ಲರೀ ಎನ್ನಲು ಬಸಗೊಂಡಪ್ಪ ಬಾಯಿ ತೆರೆದ. ಆದರೆ ಅವನು ಎಮ್ಮೆಗೆ ಹೆದರದಿದ್ದರೂ ವಕೀಲರಿಗೆ ಹೆದರುತ್ತಿದ್ದ. ಬಾಯಿ ಮುಚ್ಚಿಕೊಂಡು ಬಸ್ ಹತ್ತಿದ.

ತಾರೀಖಿನ ದಿನ ಅರ್ಧ ಚಿಮ್ಮಡ ಕೋರ್ಟಿನಲ್ಲಿತ್ತು. ಮುದಕಪ್ಪನಿಗೆ ಅವನ ವಕೀಲರು ಒಂದೇ ಮಾತು ಹೇಳಿದ್ದರು: ನೀನು ಬಾಯಿ ತೆರೆಯಬೇಡ. ಹೇಳುವ ಅಗತ್ಯವೇ ಇರಲಿಲ್ಲ, ಅವನ ನಾಲಿಗೆ ಚಿಮ್ಮಡದಲ್ಲೇ ಒಣಗಿಹೋಗಿತ್ತು. ಬಾಳಾಸಾಹೇಬ ವಕೀಲರು ಎದ್ದು, ಆ ಗೋಡೆಯೇ ಬಿದ್ದ ಮೇಲೆ ಈ ಪರವಾನಗಿ ಒಂದು ದಿನವೂ ಉಳಿಯಬಾರದು ಎಂದು ಚೆನ್ನಾಗಿ ವಾದಿಸಿದರು. ಪರವಾನಗಿ ಹೋದರೆ ಲೂಮು ಗುಜರಿಗೆ, ಮುದಕಪ್ಪ ಮತ್ತೆ ಇನ್ನೊಬ್ಬರ ಮಗ್ಗದ ಮುಂದೆ. ಅಲ್ಲವೆನ್ನಬೇಕಾದರೆ ತಾನು ಒಳಗಿದ್ದೆ, ಹೆಂಡತಿ ಸುಳ್ಳು ಹೇಳಿದಳು, ಎಮ್ಮೆ ಅಲ್ಲೇ ಇತ್ತು ಎಂದು ಅವನೇ ಒಪ್ಪಬೇಕು. ಅವನು ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದ.

ಜಡ್ಜ್ ಸಾಹೇಬರು ಬಸಗೊಂಡಪ್ಪನನ್ನು ಕರೆದು, ಗೋಡೆ ಲೂಮಿನಿಂದ ಬಿದ್ದದ್ದು ನಿಜವೇ ಎಂದು ಕೇಳಿದರು. ವಕೀಲರು ಹೌದೆನ್ನು ಎಂದು ಕತ್ತು ಆಡಿಸಿ ತೋರಿಸಿದರು. ಹೂಂ ಎಂದು ಒಂದು ಸಲ ತಲೆ ಆಡಿಸಿದ್ದರೆ ಸಾಕಾಗಿತ್ತು. ಬಸಗೊಂಡಪ್ಪನ ಆ ದೊಡ್ಡ ಮೈ ಗಡಗಡ ನಡುಗುತ್ತಿತ್ತು. ಅವನು ವಕೀಲರನ್ನು ನೋಡಿದ, ಕಣ್ಣು ಮುಚ್ಚಿ ನಿಂತ ಮುದಕಪ್ಪನನ್ನು ನೋಡಿದ.

"ನಾ ಒಡದೇನ್ರಿ ಸಾಹೇಬ್ರ. ಎಮ್ಮಿ ಈಯಾಕತ್ತಿತ್ತು."

ಬಾಳಾಸಾಹೇಬ ವಕೀಲರು ಕುಳಿತುಬಿಟ್ಟರು. ಯಾವ ಎಮ್ಮೆ ಎಂದು ಜಡ್ಜ್ ಸಾಹೇಬರು ಕೇಳಿದರು. ಹಿಂದಿನ ಬೆಂಚಿನಿಂದ ತಾರವ್ವ ಸೆರಗು ಹೊದ್ದು ಎದ್ದು ನಿಂತಳು.

"ನನ್ನ ಎಮ್ಮಿ ರೀ. ಅಲ್ಲೇ ಇತ್ತು. ನಮ್ಮನಿಯವ್ರೂ ಅಲ್ಲೇ ಇದ್ರು. ಮುಧೋಳಕ್ಕ ಹೋಗ್ಯಾರಂತ ನಾನ ಸುಳ್ಳ ಹೇಳೇನಿ, ಹೆದರಿ ಹೇಳೇನ್ರಿ. ಶಿಕ್ಷಾ ಆದ್ರ ನನಗಾಗ್ಲಿ."

ಜಡ್ಜ್ ಸಾಹೇಬರು ಅವಳು ಹೇಳಿದ್ದನ್ನು ಬರೆದುಕೊಂಡರು. ಆಮೇಲೆ ಮುದಕಪ್ಪನ ಕಡೆಗೆ ತಿರುಗಿ, ಇಷ್ಟೆಲ್ಲ ಆಗುವಾಗ ನೀನು ಏನು ಮಾಡುತ್ತಿದ್ದೆ ಎಂದರು. ಮುದಕಪ್ಪ ಕಣ್ಣು ತೆರೆದ. ಜನ್ಮದಲ್ಲಿ ಮೊದಲ ಸಲ ಸರಕಾರಿ ಮನುಷ್ಯನೊಬ್ಬನಿಗೆ ನೆಟ್ಟಗೆ ಉತ್ತರ ಕೊಟ್ಟ.

"ಹೆದರಿಕೊಂಡ ಕುಂತಿದ್ದೆ ರೀ."

ಯಾರೋ ನಕ್ಕರು. ಜಡ್ಜ್ ಸಾಹೇಬರು ನಗಲಿಲ್ಲ. ಕರು ಬದುಕಿದೆಯೇ ಎಂದು ಕೇಳಿದರು. ಬದುಕಿದೆ ಎಂದು ಮೂವರೂ ಒಟ್ಟಿಗೆ ಹೇಳಿದರು. ಆಮೇಲೆ ಅವರು ಸುಳ್ಳಿಗೆ ತಾರವ್ವನನ್ನು ಚೆನ್ನಾಗಿ ಬೈದರು, ಗೋಡೆಗೆ ಬಸಗೊಂಡಪ್ಪನನ್ನು ಬೈದರು, ಮುದಕಪ್ಪನನ್ನು ನೋಡಿ ಬೈಯದೆ ಬಿಟ್ಟರು. ಪರವಾನಗಿಯ ಷರತ್ತು ಪೂರೈಸಿಲ್ಲ, ಮೊದಲು ಎಮ್ಮೆ ಹೊರಗೆ ಹೋಗಲಿ, ಗೋಡೆಯನ್ನು ಇಬ್ಬರೂ ಕೂಡಿ ಕಟ್ಟಲಿ, ಆಮೇಲೆ ವಾದಿಗೆ ತಕರಾರು ಇದ್ದರೆ ನೋಡೋಣ ಎಂದರು. ಎಮ್ಮೆ ಬಂದು ತನ್ನ ಆಕಳುಗಳ ಕೊಟ್ಟಿಗೆಯಲ್ಲಿ ಇರಲಿ, ಹಾಲು ಹಿಂಡುವ ಹೊತ್ತಿಗೆ ಲೂಮು ನಿಲ್ಲಿಸಿದರೆ ತನಗೆ ತಕರಾರು ಇಲ್ಲ ಎಂದ ಬಸಗೊಂಡಪ್ಪ. ಅಲ್ಲೇ ರಾಜಿ ಬರೆದರು. ಊರಿಗೆ ಬಂದು ತಾರವ್ವ ಸೊಂಟದಿಂದ ಒಂದು ಸಲ ತಳ್ಳಿದ್ದಕ್ಕೆ ಬಾಗಿಲು ತೆರೆಯಿತು. ಕಾಗದ ಪರ್ರೆಂದು ಹರಿಯುವಾಗ ಮುದಕಪ್ಪ ಓಣಿಯ ತುದಿಯಲ್ಲಿ ನಿಂತಿದ್ದ, ಶಿದ್ರಾಮಪ್ಪ ಅವನ ಹಿಂದೆ ನಿಂತಿದ್ದ.

ಗೋಡೆ ಕಟ್ಟಿ ಒಣಗಿದ ಮೇಲೆ ಲೂಮು ಶುರುಮಾಡುವ ದಿನ ಬಂತು. ಮುದಕಪ್ಪ ತೆಂಗಿನಕಾಯಿ ಒಡೆದು ಕರೆಂಟಿನ ಖಟಕಾ ಒತ್ತಿದ. ಲೂಮುಗಳು ಖಟಕ್ ಖಟಕ್ ಎಂದು ತಿರುಗಿದವು, ಸೀರೆಯ ಅಂಚು ಬೆರಳಗಲ ನೇಯ್ದು ಮೇಲೆ ಬಂತು. ಅವನು ಅದನ್ನು ನೋಡಲೇ ಇಲ್ಲ. ಓಡಿಹೋಗಿ ಹೊಸ ಗೋಡೆಗೆ ಅಂಗೈ ಒತ್ತಿ ನಿಂತ. ಗೋಡೆ ನಡುಗುತ್ತಿತ್ತು. ಅವನ ಮುಖ ಬಿಳಿಚಿತು. ಆಚೆ ಕಡೆಯಿಂದ ಬಸಗೊಂಡಪ್ಪ ಕೂಡ ತನ್ನ ಬದಿಗೆ ಅಂಗೈ ಒತ್ತಿ ನಿಂತಿದ್ದ, ನಡುಗಾಕತ್ತೈತಿ ಲೇ ಮುದಕಾ ಎಂದು ಅಲ್ಲಿಂದಲೇ ಕೂಗಿದ.

ತಾರವ್ವ ಎಮ್ಮೆಯ ಹಾಲಿನ ಪಾಯಸದ ಬಟ್ಟಲು ಹಿಡಿದುಕೊಂಡು ಬಂದವಳು ಅದನ್ನು ಕೆಳಗಿಟ್ಟಳು. ಗಂಡನ ಕೈ ಹಿಡಿದು ಮೆಲ್ಲಗೆ ಗೋಡೆಯಿಂದ ತೆಗೆದಳು. ಕೈ ಗಾಳಿಯಲ್ಲೂ ನಡುಗುತ್ತಲೇ ಇತ್ತು. ತನ್ನ ಕೈಯನ್ನು ಗೋಡೆಗೆ ಇಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಆಚೆಯವನಿಗೂ ಕೇಳುವಂತೆ ಹೇಳಿದಳು:

"ಗ್ವಾಡಿ ಗಟ್ಟಿ ಐತಿ. ಇಬ್ರೂ ಕೈ ತಗೀರಿ."